ಉರಿದ ಮೆಗ್ನೀಸಿಯಂನ ತೂಕದ ಲೆಕ್ಕ

ಪ್ರಶ್ನೆ: ನಮ್ಮ ಕನ್ನಡ ಮಾಧ್ಯಮ ಶಾಲೆಯಲ್ಲಿ ಪಿಂಗಾಣಿ ಮೂಸೆಯೊಳಗೆ 0.50 ಗ್ರಾಂ ಮೆಗ್ನೀಸಿಯಂ ಪಟ್ಟಿ ಉರಿಸಿದೆವು. ಲೆಕ್ಕದ ಪ್ರಕಾರ 0.83 ಗ್ರಾಂ ಬೂದಿ ಬರಬೇಕಿತ್ತು, ಬಂದದ್ದು 0.78. ಇನ್ನೊಮ್ಮೆ ಮಾಡಿದರೂ ಕಡಿಮೆಯೇ. ಸಮೀಕರಣವೇ ತಪ್ಪೇ ಎಂದು ಮಕ್ಕಳು ಕೇಳುತ್ತಿದ್ದಾರೆ.
– ಶಿಕ್ಷಕಿ, ಮುಲುಂಡ್, ಮುಂಬಯಿ

ಉತ್ತರ: ಸಮೀಕರಣ ಸರಿ. 24 ಗ್ರಾಂ ಮೆಗ್ನೀಸಿಯಂ 16 ಗ್ರಾಂ ಆಮ್ಲಜನಕದೊಂದಿಗೆ ಕೂಡಿ 40 ಗ್ರಾಂ ಮೆಗ್ನೀಸಿಯಂ ಆಕ್ಸೈಡ್ ಆಗುತ್ತದೆ. ಆದರೆ ನಿಮ್ಮ ಮೂಸೆಯೊಳಗೆ ಇದ್ದದ್ದು ಬರೀ ಆಮ್ಲಜನಕವಲ್ಲ, ಗಾಳಿ. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಸಾರಜನಕ. ಮುಚ್ಚಳ ಹಾಕಿದ ಮೂಸೆಯಲ್ಲಿ ಆಮ್ಲಜನಕ ಬೇಗ ಮುಗಿಯುತ್ತದೆ. ಕಾದು ಕೆಂಪಾದ ಮೆಗ್ನೀಸಿಯಂ ಆಗ ಸಾರಜನಕವನ್ನೂ ಬಿಡದೆ ಹಿಡಿದು ಮೆಗ್ನೀಸಿಯಂ ನೈಟ್ರೈಡ್ ಆಗುತ್ತದೆ. ಬಿಳಿ ಬೂದಿಯ ನಡುವೆ ಹಸಿರು ಮಿಶ್ರಿತ ಹಳದಿ ಛಾಯೆ ಕಂಡರೆ ಅದೇ ಇದು. ತೂಕ ಕಡಿಮೆ ಬರುವುದು ಇಲ್ಲೇ: 0.50 ಗ್ರಾಂ ಪೂರ್ತಿ ಆಕ್ಸೈಡ್ ಆದರೆ 0.83 ಗ್ರಾಂ, ಪೂರ್ತಿ ನೈಟ್ರೈಡ್ ಆದರೆ 0.69 ಗ್ರಾಂ ಮಾತ್ರ. ಲೋಹದ ಕಾಲು ಭಾಗ ನೈಟ್ರೈಡ್ ಆದರೂ ಒಟ್ಟು 0.79ಕ್ಕೆ ಇಳಿಯುತ್ತದೆ.

ಇದಕ್ಕೆ ಪರಿಹಾರ ಸುಲಭ, ಶಾಲೆಗಳಲ್ಲಿ ಬಿಟ್ಟುಹೋಗುವುದೂ ಇದೇ ಹಂತ. ಮೂಸೆ ಪೂರ್ತಿ ತಣ್ಣಗಾಗಲಿ, ಬಿಸಿ ಪಿಂಗಾಣಿಗೆ ನೀರು ಬಿದ್ದರೆ ಸೀಳುತ್ತದೆ. ಆಮೇಲೆ ಬೂದಿಯ ಮೇಲೆ ಎಂಟು-ಹತ್ತು ಹನಿ ಬಟ್ಟಿ ಇಳಿಸಿದ ನೀರು ಹಾಕಿ, ಒದ್ದೆ ಮಾಡಿದ ಕೆಂಪು ಲಿಟ್ಮಸ್ ಕಾಗದವನ್ನು ತಾಗದಂತೆ ಮೇಲೆ ಹಿಡಿಯಿರಿ. ಕಾಗದ ನೀಲಿಯಾದರೆ ಅಮೋನಿಯಾ ಬರುತ್ತಿದೆ ಎಂದರ್ಥ: ನೈಟ್ರೈಡ್ ನೀರಿನೊಡನೆ ಸೇರಿ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಆಗುತ್ತಿದೆ. ಈಗ ಮೊದಲು ಸಣ್ಣ ಉರಿಯಲ್ಲಿ ನೀರು ಒಣಗಿಸಿ (ಜೋರು ಉರಿ ಕೊಟ್ಟರೆ ಪುಡಿ ಸಿಡಿದು ಹೊರಗೆ ಹಾರುತ್ತದೆ), ನಂತರ ಹತ್ತು ನಿಮಿಷ ಜೋರಾಗಿ ಕಾಯಿಸಿ. ಹೈಡ್ರಾಕ್ಸೈಡ್ ನೀರು ಬಿಟ್ಟುಕೊಟ್ಟು ಆಕ್ಸೈಡ್ ಆಗುತ್ತದೆ. ತಣಿಸಿ ತೂಗಿ, ಮತ್ತೆ ಕಾಯಿಸಿ ತೂಗಿ. ಎರಡು ತೂಕಗಳ ನಡುವೆ 0.01 ಗ್ರಾಂಗಿಂತ ಹೆಚ್ಚು ವ್ಯತ್ಯಾಸ ಬರದಾಗ ನಿಲ್ಲಿಸಿ.

ಇನ್ನೂ ಕಡಿಮೆ ಬಂದರೆ ಹೊಗೆಯನ್ನು ನೋಡಿ. ಮುಚ್ಚಳ ಎತ್ತಿದಾಗ ಮೇಲೇರುವ ಬಿಳಿ ಹೊಗೆ ಆಕ್ಸೈಡಿನದೇ ಪುಡಿ, ನಿಮ್ಮ ತೂಕವೇ ಹಾರಿಹೋಗುತ್ತಿದೆ. ಮುಚ್ಚಳವನ್ನು ಇಕ್ಕಳದಿಂದ ಒಂದು ಬದಿ ಕೂದಲೆಳೆಯಷ್ಟು ಎತ್ತಿ, ಹೊಗೆ ಕಂಡ ತಕ್ಷಣ ಮುಚ್ಚಿ. ಎರಡು-ಮೂರು ನಿಮಿಷಕ್ಕೊಮ್ಮೆ ಹೀಗೆ ಮಾಡಿದರೆ ಸಾಕು. ಪಟ್ಟಿಯನ್ನು ಬಿಗಿಯಾಗಿ ಸುತ್ತಬೇಡಿ, ಒಳಸುತ್ತು ಉರಿಯದೆ ಉಳಿಯುತ್ತದೆ. ಬಿಸಿ ಮೂಸೆಯನ್ನು ತೂಗಲೂಬೇಡಿ, ಮೇಲೇರುವ ಬಿಸಿ ಗಾಳಿಯಿಂದ ತೂಕ ಕಡಿಮೆ ತೋರಿಸುತ್ತದೆ. ಜುಲೈ-ಆಗಸ್ಟ್‌ನ ಮುಂಬಯಿ ಗಾಳಿಯಲ್ಲಿ ಮೂಸೆಯನ್ನು ತೆರೆದಿಟ್ಟು ತಣಿಸಿದರೆ ಬೂದಿ ತೇವ ಹೀರಿ ತೂಕ ಏರುತ್ತದೆ. ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡೆಸಿಕೇಟರ್‌ನಲ್ಲೇ (ಬಿಗಿ ಮುಚ್ಚಳದ ಪಾತ್ರೆ) ತಣಿಸಿ. ಮೂಸೆಯ ತಳದಲ್ಲಿ ಕಪ್ಪು ಕಲೆ ಉಳಿದರೆ ಗಾಬರಿ ಬೇಡ: ಬಿಸಿ ಮೆಗ್ನೀಸಿಯಂ ಪಿಂಗಾಣಿಯ ಸಿಲಿಕಾದಿಂದಲೂ ಆಮ್ಲಜನಕ ಕಿತ್ತುಕೊಳ್ಳುತ್ತದೆ. ಅದಕ್ಕೇ ಪಟ್ಟಿಯನ್ನು ತಳಕ್ಕೆ ಒತ್ತಿ ಕೂರಿಸಬಾರದು.

ಮಕ್ಕಳಿಗೆ 0.78 ಗ್ರಾಂ ಎಂಬ ಸಂಖ್ಯೆಯನ್ನು ಮುಚ್ಚಿಡಬೇಡಿ. ಗಾಳಿಯಲ್ಲಿ ಸಾರಜನಕ ಇದೆ ಎಂಬುದಕ್ಕೆ ತಾವೇ ತೂಗಿ ಪಡೆದ ಇಷ್ಟು ಒಳ್ಳೆಯ ಸಾಕ್ಷಿ ಶಾಲೆಯಲ್ಲಿ ಬೇರೆ ಸಿಗುವುದು ಕಷ್ಟ.

ಪ್ರಶ್ನೆ: ಪಟ್ಟಿಗೆ ಬೆಂಕಿಕಡ್ಡಿ ಎಷ್ಟು ಹಿಡಿದರೂ ಹೊತ್ತಿಕೊಳ್ಳುತ್ತಿಲ್ಲ. ಸರಕು ಕಳಪೆಯೇ?
– ವಾಸ್ಕೋ, ಗೋವಾ

ಉತ್ತರ: ಇರಲಾರದು. ತೇವ ಮತ್ತು ಉಪ್ಪಿನಂಶ ಇರುವ ಕಡಲ ಗಾಳಿಗೆ ಪಟ್ಟಿಯ ಮೇಲೆ ಬೂದುಬಣ್ಣದ ಪದರ ಕಟ್ಟುತ್ತದೆ. ಎರಡೂ ಬದಿ ಮರಳುಕಾಗದದಿಂದ ಬೆಳ್ಳಿಯಂತೆ ಹೊಳೆಯುವವರೆಗೆ ಉಜ್ಜಿ. ಹತ್ತು ಸೆಂ.ಮೀ. ತುಂಡಿನ ಒಂದು ತುದಿಯನ್ನು ಇಕ್ಕಳದಲ್ಲಿ ಹಿಡಿದು ಇನ್ನೊಂದು ತುದಿಯನ್ನು ಸ್ಪಿರಿಟ್ ದೀಪದ ಜ್ವಾಲೆಯ ಹೊರಭಾಗದಲ್ಲಿಡಿ. ತುಂಡು ಚಿಕ್ಕದಾದರೆ ಇಕ್ಕಳವೇ ಶಾಖ ಎಳೆದುಕೊಳ್ಳುತ್ತದೆ. ಕಡ್ಡಿಯ ಜ್ವಾಲೆ ಅಷ್ಟು ಹೊತ್ತು ನಿಲ್ಲುವುದೂ ಇಲ್ಲ. ಹೊತ್ತಿದ ಮೇಲೆ ನೇರ ನೋಡಬೇಡಿ, ಆ ಬೆಳಕಿನಲ್ಲಿ ಅತಿನೇರಳೆ ಕಿರಣಗಳೂ ಇವೆ. ವೆಲ್ಡಿಂಗ್ ಗಾಜಿನ ಮೂಲಕ ನೋಡಿ, ಇಲ್ಲವೇ ಹೊಳಪನ್ನು ಎದುರಿನ ಗೋಡೆಯ ಮೇಲೆ ನೋಡಿ. ಉಳಿದ ಸುರುಳಿಯನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಪ್ರಶ್ನೆ: ನಮ್ಮ ವರ್ಕ್‌ಶಾಪಿಗೆ ಮೆಗ್ನೀಸಿಯಂ ಮಿಶ್ರಲೋಹದ ಕೆಲಸ ಬಂದಿದೆ. ಬೆಂಕಿ ಆರಿಸಲು ಸಿಒಟು (ಇಂಗಾಲದ ಡೈಆಕ್ಸೈಡ್) ಸಿಲಿಂಡರ್ ಇದೆ, ಸಾಕಲ್ಲವೇ?
– ಭೋಸರಿ, ಪುಣೆ

ಉತ್ತರ: ಸಾಲದು, ಅಪಾಯ. ಉರಿಯುವ ಮೆಗ್ನೀಸಿಯಂ ಇಂಗಾಲದ ಡೈಆಕ್ಸೈಡ್‌ನಲ್ಲಿರುವ ಆಮ್ಲಜನಕವನ್ನೂ ಕಿತ್ತುಕೊಂಡು ಉರಿಯುತ್ತಲೇ ಇರುತ್ತದೆ, ಇಂಗಾಲದ ಕಪ್ಪು ಪುಡಿ ಉಳಿಯುತ್ತದೆ. ನೀರು ಹಾಕಿದರೆ ಇನ್ನೂ ಕೆಟ್ಟದ್ದು: ಜಲಜನಕ ಬಿಡುಗಡೆಯಾಗಿ ಸ್ಫೋಟಿಸಬಹುದು, ಉರಿಯುವ ಲೋಹ ಸುತ್ತ ಸಿಡಿಯಬಹುದು. ಒಂದು ಗ್ರಾಂ ಮೆಗ್ನೀಸಿಯಂ ಉರಿದರೆ ಸುಮಾರು 25 ಕಿಲೋಜೂಲ್ ಶಾಖ. ಇಷ್ಟರಲ್ಲಿ 80 ಮಿ.ಲೀ. ನೀರು ಕುದಿಯುವ ಹಂತ ಮುಟ್ಟುತ್ತದೆ.

ದಪ್ಪ ಗಟ್ಟಿ ಸುಲಭವಾಗಿ ಹೊತ್ತುವುದಿಲ್ಲ, ಶಾಖ ಒಳಗೆ ಹರಡಿಬಿಡುತ್ತದೆ. ಅಪಾಯ ಇರುವುದು ಸಣ್ಣ ಚಿಪ್ಸ್ ಮತ್ತು ಗ್ರೈಂಡಿಂಗ್ ಪುಡಿಯಲ್ಲಿ. ಟೂಲ್ ಮೊಂಡಾಗಿದ್ದರೆ, ಫೀಡ್ (ಟೂಲ್ ಮುಂದೆ ಸಾಗುವ ವೇಗ) ತೀರ ಕಡಿಮೆ ಇದ್ದರೆ ಕತ್ತರಿಸುವ ಬದಲು ಉಜ್ಜಿ ಬಿಸಿಯಾಗುತ್ತದೆ. ಹರಿತ ಟೂಲ್, ದಪ್ಪ ಚಿಪ್, ಯಂತ್ರದ ಅಡಿ ರಾಶಿ ಬೀಳದಂತೆ ಗುಡಿಸುವುದು – ಮುಕ್ಕಾಲು ರಕ್ಷಣೆ ಇಷ್ಟೇ. ಒಣ ಚಿಪ್ಸ್‌ಗೆ ಮುಚ್ಚಳದ ಉಕ್ಕಿನ ಡ್ರಮ್ ಸಾಕು. ನೀರು ಬೆರೆತ ಕೂಲಂಟ್‌ನಲ್ಲಿ (ಕತ್ತರಿಸುವಾಗ ತಂಪಾಗಿಸುವ ದ್ರವ) ನೆನೆದದ್ದನ್ನು ಮಾತ್ರ ಬಿಗಿಯಾಗಿ ಮುಚ್ಚಬೇಡಿ, ಜಲಜನಕ ತುಂಬುತ್ತದೆ. ಗಾಳಿ ಹೋಗಲು ಕಿಂಡಿ ಇರುವ ಡ್ರಮ್ಮಿನಲ್ಲಿ ಶೆಡ್ಡಿನ ಹೊರಗೆ ಇಡಿ.

ಲೋಹದ ಬೆಂಕಿಗೆಂದೇ ಇರುವ ‘ಡಿ’ ವರ್ಗದ ಒಣಪುಡಿ ತರಿಸಿ. ತುಕ್ಕು ಹಿಡಿಯದ ಒಣ ಎರಕದ ಕಬ್ಬಿಣದ ಚೂರುಗಳೂ ನಡೆಯುತ್ತವೆ. ಒದ್ದೆ ಮರಳು ಬೇಡವೇ ಬೇಡ. ಪುಡಿಯನ್ನು ಉದ್ದ ಹಿಡಿಯ ಸಲಿಕೆಯಿಂದ ಮೆಲ್ಲಗೆ ಹರಡಿ ಪೂರ್ತಿ ಮುಚ್ಚಿ, ಎರಚಬೇಡಿ. ಆರಿದಂತೆ ಕಂಡರೂ ಕೆದಕಬೇಡಿ: ಪದರ ಒಡೆದರೆ ಒಳಗಿನ ಬಿಸಿ ಲೋಹಕ್ಕೆ ಮತ್ತೆ ಗಾಳಿ ಸಿಗುತ್ತದೆ. ಬೆಂಕಿ ರಾಶಿಗೆ ಹಬ್ಬಿದ್ದರೆ ಎಲ್ಲರನ್ನೂ ಹೊರಗೆ ಕಳಿಸಿ 101ಕ್ಕೆ ಕರೆ ಮಾಡಿ, ಉರಿಯುತ್ತಿರುವುದು ಮೆಗ್ನೀಸಿಯಂ ಎಂಬುದನ್ನು ವಿಳಾಸದ ಜೊತೆಗೇ ಹೇಳಿ.