ದ್ರಾವಣ ಗಟ್ಟಿಯಾದಷ್ಟೂ ರೀಡಿಂಗ್ ಇಳಿಯುವುದೇಕೆ?

ಪ್ರಶ್ನೆ: ಮಲೇರಿಯಾ ಔಷಧವಾದ ಕ್ವಿನೈನ್ ಸಲ್ಫೇಟ್ ಮಾತ್ರೆಯನ್ನು ಫ್ಲೋರಿಮೀಟರಿನಲ್ಲಿ (ನೇರಳಾತೀತ ಬೆಳಕು ಹಾಯಿಸಿದಾಗ ದ್ರಾವಣ ಸೂಸುವ ಹೊಳಪನ್ನು ಅಳೆಯುವ ಉಪಕರಣ) ಅಳೆಯುತ್ತಿದ್ದೇವೆ. ದ್ರಾವಣ ಗಟ್ಟಿ ಮಾಡಿದರೆ ರೀಡಿಂಗ್ ಇಳಿಯುತ್ತದೆ. ಮಧ್ಯಾಹ್ನ ಇನ್ನೂ ಕಡಿಮೆ. ಏಕೆ?
– ಬಿ.ಫಾರ್ಮ ವಿದ್ಯಾರ್ಥಿನಿ, ರಾಯಚೂರು

ಉತ್ತರ: ಗಟ್ಟಿ ದ್ರಾವಣದಲ್ಲಿ ಮುಂದಿನ ಪದರವೇ ಬೆಳಕನ್ನೆಲ್ಲ ಹೀರಿಬಿಡುತ್ತದೆ, ಉಪಕರಣ ಹೊಳಪನ್ನು ಅಳೆಯುವ ನಡುಭಾಗಕ್ಕೆ ಅದು ತಲುಪುವುದೇ ಇಲ್ಲ. ಆದ್ದರಿಂದ ತೆಳುವಾಗಿಸಿ, ಧಾರಾಳವಾಗಿ ತೆಳುವಾಗಿಸಿ.

20 ಮಾತ್ರೆ ತೂಗಿ ಪುಡಿಮಾಡಿ, 100 ಮಿ.ಗ್ರಾಂ ಕ್ವಿನೈನ್ ಸಲ್ಫೇಟ್ ಇರುವಷ್ಟು ಪುಡಿಯನ್ನು 0.05 ಮೋಲಾರ್ ಗಂಧಕಾಮ್ಲದಲ್ಲಿ ಚೆನ್ನಾಗಿ ಕುಲುಕಿ 100 ಮಿ.ಲೀ.ಗೆ ತನ್ನಿ. ಸೋಸಿ, ಮೊದಲ 10 ಮಿ.ಲೀ. ಚೆಲ್ಲಿ. ಅದರಲ್ಲಿ 1 ಮಿ.ಲೀ.ಯನ್ನು ಅದೇ ಆಮ್ಲದಿಂದ 100ಕ್ಕೆ, ಮತ್ತೆ ಇದರಲ್ಲಿ 5 ಮಿ.ಲೀ.ಯನ್ನು 100ಕ್ಕೆ ಏರಿಸಿದರೆ ಮಿ.ಲೀ.ಗೆ 0.5 ಮೈಕ್ರೋಗ್ರಾಂ. ಮಿ.ಲೀ.ಗೆ 0.1ರಿಂದ 1 ಮೈಕ್ರೋಗ್ರಾಂವರೆಗಿನ ಸ್ಟ್ಯಾಂಡರ್ಡ್‌ಗಳ (ಪ್ರಮಾಣ ಗೊತ್ತಿರುವ ಕ್ವಿನೈನ್ ದ್ರಾವಣಗಳ) ಜೊತೆ ಹೋಲಿಸಿ. ಬೆಳಕು ಹಾಯಿಸುವುದು 350, ಅಳೆಯುವುದು 450 ನ್ಯಾನೋಮೀಟರಿನಲ್ಲಿ. ಬ್ಲಾಂಕ್, ಅಂದರೆ ಔಷಧವಿಲ್ಲದ ಬರೀ ಆಮ್ಲದ ರೀಡಿಂಗ್ ಕಳೆಯಿರಿ. 0.49 ಬಂದರೆ 98%, ಅಂದರೆ 300 ಮಿ.ಗ್ರಾಂ ಮಾತ್ರೆಯಲ್ಲಿ 294.

ಮಧ್ಯಾಹ್ನದ ಇಳಿತಕ್ಕೆ ನಿಮ್ಮೂರಿನ ಬಿಸಿಲು ಕಾರಣವಿರಬಹುದು. ಬಿಸಿಯಾದ ಅಣುಗಳು ಹೆಚ್ಚು ಡಿಕ್ಕಿ ಹೊಡೆದು, ಶಕ್ತಿಯನ್ನು ಬೆಳಕಾಗಿ ಬಿಡದೆ ಶಾಖವಾಗಿ ಕಳೆಯುತ್ತವೆ. ಸ್ಟ್ಯಾಂಡರ್ಡ್, ಸ್ಯಾಂಪಲ್ ಎರಡನ್ನೂ 25 ಡಿಗ್ರಿಗೆ ತಂದು ಒಟ್ಟಿಗೇ ಅಳೆಯಿರಿ. ಬೆಳಗಿನ ಸ್ಟ್ಯಾಂಡರ್ಡ್ ಗ್ರಾಫ್ ಮಧ್ಯಾಹ್ನಕ್ಕೆ ಬೇಡ.

ಹೈಡ್ರೋಕ್ಲೋರಿಕ್ ಆಮ್ಲವನ್ನಂತೂ ಬಳಸಲೇಬೇಡಿ. ಕ್ಲೋರೈಡ್ ಈ ಹೊಳಪನ್ನು ಕುಂದಿಸುತ್ತದೆ. ಕ್ವಿನೈನ್ ಇರುವ ಟಾನಿಕ್ ವಾಟರಿಗೆ ನೇರಳಾತೀತ ಟಾರ್ಚ್ ಹಿಡಿದು ಚಿಟಿಕೆ ಉಪ್ಪು (ಇದೂ ಕ್ಲೋರೈಡೇ) ಕರಗಿಸಿ ನೋಡಿ, ನೀಲಿ ಬೆಳಕು ಕಣ್ಣೆದುರೇ ಮಂಕಾಗುತ್ತದೆ. ಉಪ್ಪುಪ್ಪಾದ ಬೋರ್‌ವೆಲ್ ನೀರಲ್ಲಿ ತೊಳೆದ ಗಾಜನ್ನು ಡಿಸ್ಟಿಲ್ಡ್ ನೀರಿನಿಂದ ಜಾಲಿಸಲೇಬೇಕು. ಬಟ್ಟೆ ಸೋಪಿನ ಪುಡಿಯೂ ಬೇಡ: ಬಟ್ಟೆಗೆ ಬಿಳುಪು ಕೊಡಲು ಅದರಲ್ಲಿ ಹಾಕುವ ವಸ್ತು ತಾನೇ ನೀಲಿಯಾಗಿ ಹೊಳೆಯುತ್ತದೆ.