ಬಾಡಿಗೆ ಕಾರಿನ ಎಕ್ಸೆಸ್ ಇನ್ಶೂರೆನ್ಸ್: ಕೌಂಟರ್‌ನಲ್ಲಾ, ಮೊದಲೇನಾ?

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಬಹಳ ವರ್ಷ ವಾಹನ ವಿಮೆಯ ಸರ್ವೇಯರ್ (ಪೆಟ್ಟಾದ ವಾಹನ ನೋಡಿ ನಷ್ಟ ಅಂದಾಜು ಮಾಡುವವರು) ಆಗಿದ್ದವರು ಈ ವಾರ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಕಾಫಿ ತೋಟ. ಮಗಳು, ಅಳಿಯ ಎಡಿನ್‌ಬರೋದಲ್ಲಿದ್ದಾರೆ. ಮೇ ತಿಂಗಳಲ್ಲಿ ನಾನೂ ನಮ್ಮ ಮನೆಯವರೂ ಹೋಗುತ್ತಿದ್ದೇವೆ. ಹತ್ತು ದಿನ ಕಾರು ಬಾಡಿಗೆಗೆ ತಗೊಂಡು ಸ್ಕಾಟ್ಲೆಂಡಿನ ಬೆಟ್ಟದ ಕಡೆ ಸುತ್ತುವ ಯೋಚನೆ. ಬುಕಿಂಗ್ ಕಾಗದದಲ್ಲಿ ‘ಎಕ್ಸೆಸ್ 1,500 ಪೌಂಡ್’ ಅಂತ ಇದೆ. ಕೌಂಟರ್‌ನಲ್ಲಿ ದಿನಕ್ಕೆ 22 ಪೌಂಡ್ ಕೊಟ್ಟರೆ ಅದು ಸೊನ್ನೆ ಆಗುತ್ತದಂತೆ. ಅಳಿಯ, ‘ಅದು ಬೇಡ ಮಾವ, ಬೇರೆ ಕಂಪನಿಯಲ್ಲಿ ದಿನಕ್ಕೆ 5 ಪೌಂಡಿಗೆ ಸಿಗುತ್ತೆ’ ಅನ್ನುತ್ತಾರೆ. ಇಷ್ಟು ಕಮ್ಮಿಗೆ ಕೊಡ್ತಾರೆ ಅಂದರೆ ಏನೋ ಇರಬೇಕು ಅಂತ ನನಗೆ ಅನುಮಾನ. ಕಾರು ನಾನೇ ಓಡಿಸುವ ಆಸೆಯೂ ಇದೆ.

ಉತ್ತರ: ಅನುಮಾನ ಅರ್ಧ ಸರಿ. ಆದರೆ ವಿಷಯ ಇರುವುದು ಬೆಲೆಯಲ್ಲಿ ಅಲ್ಲ. ಪೆಟ್ಟು ಬಿದ್ದ ದಿನ ಯಾರ ಜೇಬಿನಿಂದ ಮೊದಲು ದುಡ್ಡು ಹೋಗುತ್ತದೆ, ಅದರಲ್ಲಿದೆ.

ಎಕ್ಸೆಸ್ ಅಂದರೆ ನಿಮಗೆ ಗೊತ್ತಿರುವುದೇ. ನಿಮ್ಮ ಕಾರಿನ ಬಂಪರ್ ಒಡೆದು ಕ್ಲೇಮ್ ಮಾಡಿದಾಗ ಗ್ಯಾರೇಜಿನವರು ‘ಸಾರ್, ಫೈಲ್ ಚಾರ್ಜು ಸಾವಿರ ರೂಪಾಯಿ ನಿಮ್ಮದು’ ಅನ್ನುತ್ತಾರಲ್ಲ, ಅದೇ. 1500 ಸಿಸಿವರೆಗಿನ ಕಾರಿಗೆ 1,000, ಅದಕ್ಕಿಂತ ದೊಡ್ಡದಕ್ಕೆ 2,000. ಅದಕ್ಕೂ ಫೈಲಿಗೂ ಏನೂ ಸಂಬಂಧವಿಲ್ಲ. ಯಾರು ಹಾಗೆ ಹೆಸರಿಟ್ಟರೋ! ಪ್ರತಿ ಕ್ಲೇಮಿನಲ್ಲೂ ಮೊದಲ ಇಷ್ಟು ರೂಪಾಯಿ ನಿಮ್ಮದು, ಮಿಕ್ಕಿದ್ದು ವಿಮೆಯದು ಅನ್ನುವ ಕರಾರು, ಅಷ್ಟೇ. ಬ್ರಿಟನ್ನಿನ ಬಾಡಿಗೆ ಕಾರಿಗೂ ವಿಮೆ ಇದ್ದೇ ಇರುತ್ತದೆ. ಎದುರಿನವರಿಗೆ ಆಗುವ ನಷ್ಟ, ಕಾರಿಗೆ ಆಗುವ ಡ್ಯಾಮೇಜು, ಕಳ್ಳತನ ಸಾಮಾನ್ಯವಾಗಿ ಬಾಡಿಗೆಯಲ್ಲೇ ಸೇರಿರುತ್ತವೆ. ಆದರೆ ಅಲ್ಲಿ ‘ಫೈಲ್ ಚಾರ್ಜು’ 1,500 ಪೌಂಡ್. ಪೌಂಡಿಗೆ 110 ರೂಪಾಯಿ ಅಂತಿಟ್ಟುಕೊಂಡರೂ 1,65,000 ರೂಪಾಯಿ. ಪಾರ್ಕಿಂಗ್‌ನಲ್ಲಿ ಕಂಬಕ್ಕೆ ಒರೆಸಿದ ಗೀರಿಗೂ ಆ ಮಿತಿಯವರೆಗೆ ನಿಮ್ಮಿಂದಲೇ ವಸೂಲಿ.

ಕೌಂಟರ್‌ನಲ್ಲಿ ಕೊಡುವುದು ಬಾಡಿಗೆ ಕಂಪನಿಯದೇ ಮಾಫಿ. ಪೆಟ್ಟಾದರೆ ಅವರು ನಿಮ್ಮನ್ನು ಕೇಳುವುದಿಲ್ಲ, ಇಲ್ಲವೇ ಬಹಳ ಕಮ್ಮಿ ಕೇಳುತ್ತಾರೆ. ಅಳಿಯಂದಿರು ಹೇಳಿದ್ದು ಬೇರೆ ವಿಮಾ ಕಂಪನಿಯದು. ಅದಕ್ಕೂ ಬಾಡಿಗೆ ಕಂಪನಿಗೂ ಸಂಬಂಧವಿಲ್ಲ. ಪೆಟ್ಟಾದರೆ ಬಾಡಿಗೆ ಕಂಪನಿ ನಿಮ್ಮ ಕಾರ್ಡಿನಿಂದ ದುಡ್ಡು ಎಳೆದುಕೊಳ್ಳುತ್ತದೆ. ನೀವು ಕಾಗದಪತ್ರ ಜೋಡಿಸಿ ವಿಮಾ ಕಂಪನಿಗೆ ಕಳಿಸಬೇಕು. ಅವರು ನೋಡಿ, ಆಮೇಲೆ ಕೊಡುತ್ತಾರೆ. ಬುಕಿಂಗ್ ವೆಬ್‌ಸೈಟಿನಲ್ಲಿ ‘ಫುಲ್ ಕವರ್’ ಅಂತ ಟಿಕ್ ಹಾಕಿಸುತ್ತಾರಲ್ಲ, ಅದೂ ಬಹುತೇಕ ಈ ಎರಡನೇ ಜಾತಿಯದೇ. ಅದು ಗೊತ್ತಿಲ್ಲದೆ ಎಷ್ಟೋ ಜನ ಕೌಂಟರ್‌ನಲ್ಲಿ ‘ನಾನು ಫುಲ್ ಕವರ್ ಕಟ್ಟಿದ್ದೀನಿ, ಡೆಪಾಸಿಟ್ ಯಾಕೆ’ ಅಂತ ಜಗಳಕ್ಕೆ ನಿಲ್ಲುತ್ತಾರೆ. ಕೌಂಟರ್‌ನವರು ‘ನಿಮ್ಮ ಪಾಲಿಸಿ ಇಲ್ಲಿ ನಡೆಯೋದಿಲ್ಲ’ ಅನ್ನುತ್ತಾರೆ. ಅದು ಅರ್ಧ ನಿಜ. ಅವರ ಹತ್ತಿರ ನಡೆಯುವುದಿಲ್ಲ, ವಿಮಾ ಕಂಪನಿಯ ಹತ್ತಿರ ನಡೆಯುತ್ತದೆ.

ನಿಮ್ಮ ಲೆಕ್ಕವನ್ನೇ ತಗೊಳ್ಳಿ. ಕೌಂಟರ್‌ನಲ್ಲಿ ಹತ್ತು ದಿನಕ್ಕೆ 220 ಪೌಂಡ್, ಹೊರಗಡೆ 50. ನಮ್ಮ ದುಡ್ಡಿನಲ್ಲಿ 24,200ಕ್ಕೂ 5,500ಕ್ಕೂ ಇರುವ ವ್ಯತ್ಯಾಸ. ಉಳಿಯುವುದು ಕಮ್ಮಿಯೇನಲ್ಲ. ನಿಮ್ಮ ಮಟ್ಟಿಗೆ ಅಳಿಯಂದಿರ ಮಾತೇ ಸರಿ. ಆದರೆ ಒಂದು ಷರತ್ತಿದೆ: ಕಾರನ್ನು ನಿಮ್ಮ ಹೆಸರಲ್ಲಿ ಬುಕ್ ಮಾಡಬೇಡಿ.

ಯಾಕೆ ಅಂದರೆ, ಬ್ರಿಟನ್ನಿನಲ್ಲಿ ಮಾರುವ ಇಂಥ ಪಾಲಿಸಿಗಳಲ್ಲಿ ಎಷ್ಟೋ ಅಲ್ಲೇ ವಾಸ ಇರುವವರಿಗೆ ಮಾತ್ರ. ಆನ್‌ಲೈನ್‌ನಲ್ಲಿ ಯಾರು ಬೇಕಾದರೂ ದುಡ್ಡು ಕಟ್ಟಬಹುದು, ಅದು ತಗೊಳ್ಳುತ್ತದೆ. ಕ್ಲೇಮ್ ಬಂದಾಗ ‘ನೀವು ಎಲ್ಲಿ ವಾಸ?’ ಅಂತ ಕೇಳುತ್ತಾರೆ. ಮೂಡಿಗೆರೆ ಅಂದರೆ ಅಲ್ಲಿಗೆ ಕಥೆ ಮುಗಿಯಿತು. ಬೇರೆ ದೇಶದವರಿಗೂ ಮಾರುವ ಕಂಪನಿಗಳಿವೆ. ಆದರೆ ನಿಮಗೆ ಆ ತಾಪತ್ರಯ ಯಾಕೆ? ಮಗಳೋ ಅಳಿಯನೋ ಮುಖ್ಯ ಚಾಲಕರಾಗಿ ಬುಕ್ ಮಾಡಲಿ. ಪಾಲಿಸಿಯೂ ಅವರದೇ ಹೆಸರಲ್ಲಿರಲಿ. ನಿಮ್ಮ ಹೆಸರು ಹೆಚ್ಚುವರಿ ಚಾಲಕ ಅಂತ ಬಾಡಿಗೆ ಕರಾರಿನಲ್ಲಿ ಬರಲಿ. ಅದಕ್ಕೆ ದಿನಕ್ಕಿಷ್ಟು ಅಂತ ಜಾಸ್ತಿ ಕೇಳಬಹುದು, ಕೊಟ್ಟುಬಿಡಿ. ಕರಾರಿನಲ್ಲಿ ಹೆಸರಿಲ್ಲದವರು ಸ್ಟೀರಿಂಗ್ ಹಿಡಿದರೆ ಎಕ್ಸೆಸ್ ಪಾಲಿಸಿ ಮಾತ್ರ ಅಲ್ಲ, ಮೂಲ ಕವರ್ ಕೂಡ ಕೈಕೊಡುತ್ತದೆ. ಪಾಲಿಸಿಯ ವಯಸ್ಸಿನ ಮಿತಿ ನಿಮಗೆ ಹೊಂದುತ್ತದಾ, ಹೆಚ್ಚುವರಿ ಚಾಲಕರೂ ಅದರಲ್ಲಿ ಬರುತ್ತಾರಾ, ನೋಡಿಸಿ. ಇನ್ನೊಂದು, ಕಾರು ಕೈಗೆ ಬರುವ ಮೊದಲೇ ಪಾಲಿಸಿ ತಗೊಂಡಿರಬೇಕು.

ಡೆಪಾಸಿಟ್ ವಿಷಯ. ಹೊರಗಡೆ ಪಾಲಿಸಿ ತಗೊಂಡರೆ ಬಾಡಿಗೆ ಕಂಪನಿ ಎಕ್ಸೆಸ್‌ನಷ್ಟು ಮೊತ್ತವನ್ನು ಕ್ರೆಡಿಟ್ ಕಾರ್ಡಿನಲ್ಲಿ ತಡೆಹಿಡಿಯಬಹುದು. ಕಾರ್ಡು ಮುಖ್ಯ ಚಾಲಕರ ಹೆಸರಲ್ಲೇ ಇರಬೇಕು ಅನ್ನುವವರೇ ಜಾಸ್ತಿ. ಡೆಬಿಟ್ ಕಾರ್ಡು, ಫಾರೆಕ್ಸ್ ಕಾರ್ಡು ಅಂದರೆ ಎಷ್ಟೋ ಕಡೆ ಆಗುವುದಿಲ್ಲ ಅಂದುಬಿಡುತ್ತಾರೆ. ದುಡ್ಡು ಹೋಗುವುದಿಲ್ಲ, ಆದರೆ ಅಷ್ಟು ಲಿಮಿಟ್ ಅಷ್ಟೂ ದಿನ ಕಟ್ಟಿಹಾಕಿದ ಹಾಗೆ. ಅಳಿಯಂದಿರ ಕಾರ್ಡಿನಲ್ಲಿ ಅಷ್ಟು ಜಾಗ ಇಲ್ಲದಿದ್ದರೆ ನಾಚಿಕೆ ಬೇಡ, ಕೌಂಟರ್‌ನದ್ದನ್ನೇ ತಗೊಳ್ಳಿ. ‘ಕೌಂಟರ್‌ನಲ್ಲಿ ತಗೊಳ್ಳೋದು ದಡ್ಡತನ’ ಅಂತ ಕಣ್ಣುಮುಚ್ಚಿ ಹೇಳುವವರನ್ನು ನಾನು ಒಪ್ಪುವುದಿಲ್ಲ. ಡೆಪಾಸಿಟ್ ಕಮ್ಮಿಯಾಗುತ್ತದೆ, ಪತ್ರವ್ಯವಹಾರದ ತಲೆನೋವಿಲ್ಲ, ರಜೆ ನೆಮ್ಮದಿಯಾಗಿ ಕಳೆಯುತ್ತದೆ. ಅದಕ್ಕೂ ಒಂದು ಬೆಲೆ ಇದೆ ಅಲ್ವಾ.

ಯಾವುದನ್ನೇ ತಗೊಳ್ಳಿ, ಒಂದು ಮಾತು ಕೇಳಿ: ಟಯರು, ಗಾಜು, ಕೆಳಭಾಗ, ಛಾವಣಿ ಇದರಲ್ಲಿ ಇದೆಯಾ? ಬಾಡಿಗೆ ಕಂಪನಿಯ ಮೂಲ ಕವರ್‌ನಲ್ಲಿ ಇವು ಹೊರಗಿರುವುದೇ ಜಾಸ್ತಿ. ಕೌಂಟರ್‌ನ ದುಬಾರಿ ಪ್ಯಾಕೇಜಿನಲ್ಲೂ ಕೆಲವು ಸಲ ಇರುವುದಿಲ್ಲ. ನೀವು ಹೋಗುವ ಊರಿನಲ್ಲಿ ಏಟು ಬೀಳುವುದು ಇವಕ್ಕೇ. ಸ್ಕಾಟ್ಲೆಂಡಿನ ಬೆಟ್ಟದ ದಾರಿಗಳು ಎಷ್ಟೋ ಕಡೆ ಒಂದೇ ಕಾರಿನ ಅಗಲ. ಅಲ್ಲಲ್ಲಿ ಪಕ್ಕಕ್ಕೆ ಸರಿಯಲು ಒಂದಿಷ್ಟು ಜಾಗ. ನಮ್ಮ ಮುಳ್ಳಯ್ಯನಗಿರಿ ರಸ್ತೆಯಲ್ಲಿ ಎದುರು ಜೀಪು ಬಂದಾಗ ಏನು ಮಾಡುತ್ತೀರೋ ಅದನ್ನೇ ಅಲ್ಲೂ ಮಾಡಬೇಕು. ಅಂಚಿಗೆ ಇಳಿಸಿದಾಗ ಮುರಿದ ಟಾರಿನ ಚೂಪು ತುದಿಗೆ ಟಯರಿನ ಪಕ್ಕ ಸೀಳುತ್ತದೆ, ಅಲಾಯ್ ಚಕ್ರ ಗೀಚುತ್ತದೆ. ಡಿಕ್ಕಿ ತೆಗೆದರೆ ಎಷ್ಟೋ ಕಾರುಗಳಲ್ಲಿ ಸ್ಟೆಪ್ನಿ ಇರುವುದಿಲ್ಲ, ಪಂಕ್ಚರ್ ಕಿಟ್ ಒಂದು ಇರುತ್ತದೆ. ಸೀಳಿದ ಟಯರಿಗೆ ಅದು ಏನೂ ಮಾಡದು. ಅಲ್ಲಿಗೆ ಟೋಯಿಂಗ್ ಬಿಲ್ಲೂ ಸೇರಿತು.

ಬೀಗದ ಕೈ ಕಳೆದುಕೊಂಡರೆ, ಪೆಟ್ರೋಲ್ ಬದಲು ಡೀಸೆಲ್ ಹಾಕಿದರೆ? ಅದನ್ನೂ ನೋಡಿ. ಅಲ್ಲಿ ಬಂಕಿನಲ್ಲಿ ಹುಡುಗ ಇರುವುದಿಲ್ಲ, ನಾವೇ ಇಳಿದು ಹಾಕಬೇಕು. ಹಸಿರು ಪೈಪು ಪೆಟ್ರೋಲ್, ಕಪ್ಪು ಡೀಸೆಲ್. ಅಳಿಯ ಯಾವುದಾದರೂ ವಿಸ್ಕಿ ಕಾರ್ಖಾನೆ ತೋರಿಸಲು ಕರೆದುಕೊಂಡು ಹೋದರೆ ಅವತ್ತು ಮಗಳು ಓಡಿಸಲಿ. ಅಲ್ಲಿ 2014ರಿಂದ ಮಿತಿ 100 ಮಿಲಿಲೀಟರ್ ರಕ್ತಕ್ಕೆ 50 ಮಿಲಿಗ್ರಾಂ ಆಲ್ಕೋಹಾಲ್. ಇಂಗ್ಲೆಂಡಿನ 80ಕ್ಕಿಂತ ಕಮ್ಮಿ. ಅದು ದಾಟಿದರೆ ಯಾವ ಪಾಲಿಸಿಯನ್ನೂ ನೆಚ್ಚಿಕೊಳ್ಳಬೇಡಿ.

ಈಗ ನನ್ನದೇ ಒಂದು ಪೆದ್ದುತನ ಹೇಳಿಬಿಡುತ್ತೇನೆ. ಕೆಲವು ವರ್ಷದ ಹಿಂದೆ ಮಗನ ಜೊತೆ ಯುರೋಪಿಗೆ ಹೋಗಿದ್ದೆ. ಬೆಳಗಿನ ಜಾವದ ವಿಮಾನ. ಬಾಡಿಗೆ ಕಚೇರಿ ಇನ್ನೂ ತೆಗೆದಿರಲಿಲ್ಲ. ಕಾರು ನಿಲ್ಲಿಸಿ, ಕೀಯನ್ನು ಡಬ್ಬಿಗೆ ಹಾಕಿ ಓಡಿದೆವು. ಊರಿಗೆ ಬಂದು ಎರಡು ವಾರಕ್ಕೆ ಮಗನ ಕಾರ್ಡಿನಲ್ಲಿ ಅಲಾಯ್ ಗೀರಿನ ದುಡ್ಡು, ಅದರ ಮೇಲೆ ಆಡಳಿತ ಶುಲ್ಕ. ಗೀರು ಮೊದಲೇ ಇತ್ತೋ, ನಾವು ಮಾಡಿದ್ದೋ, ನಾವು ಹೋದ ಮೇಲೆ ಆಗಿದ್ದೋ? ನನ್ನ ಹತ್ತಿರ ಒಂದು ಫೋಟೋ ಇಲ್ಲ. ಜೀವನವಿಡೀ ಬೇರೆಯವರ ಕಾರಿನ ಫೋಟೋ ತೆಗೆದವನು ನಾನು! ಎಕ್ಸೆಸ್ ಪಾಲಿಸಿಯವರು ಬಾಡಿಗೆ ಕರಾರು, ಡ್ಯಾಮೇಜ್ ರಿಪೋರ್ಟು, ರಿಪೇರಿ ಬಿಲ್ಲು, ಕಾರ್ಡಿನ ಸ್ಟೇಟ್‌ಮೆಂಟು, ನಾಲ್ಕೂ ಕೇಳಿದರು. ಡ್ಯಾಮೇಜ್ ರಿಪೋರ್ಟು ಕಳಿಸಿ ಅಂತ ಬಾಡಿಗೆ ಕಂಪನಿಗೆ ಮೂರು ಮೇಲ್ ಬರೆಯಬೇಕಾಯಿತು. ಕೊನೆಗೆ ಗೀರಿನ ದುಡ್ಡು ಬಂತು, ಆಡಳಿತ ಶುಲ್ಕ ಬರಲಿಲ್ಲ. ಆ ಪಾಲಿಸಿಯಲ್ಲಿ ಅದಿರಲಿಲ್ಲ. ನಾನೇ ಓದಿರಲಿಲ್ಲ.

ಅದಕ್ಕೇ ಹೇಳುವುದು, ಕಾರು ತಗೊಳ್ಳುವಾಗ ಒಮ್ಮೆ, ಕೊಡುವಾಗ ಒಮ್ಮೆ ಮೊಬೈಲಿನಲ್ಲಿ ವಿಡಿಯೊ ಮಾಡಿ. ನಾಲ್ಕೂ ಚಕ್ರದ ಹತ್ತಿರ ಬಗ್ಗಿ, ಮುಂದಿನ ಬಂಪರಿನ ಕೆಳತುಟಿ, ಮುಂದಿನ ಗಾಜು, ಕೊನೆಗೆ ಕಿಲೋಮೀಟರ್ ಮೀಟರು. ಕಾರು ಒದ್ದೆ ಇದ್ದರೆ ಗೀರು ಕಾಣುವುದಿಲ್ಲ, ಬಟ್ಟೆಯಲ್ಲಿ ಒರೆಸಿ ನೋಡಿ. ಅಲ್ಲಿ ಮಳೆಗೆ ಬರವಿಲ್ಲ, ನಮ್ಮ ಕಡೆಯ ಹಾಗೇ. ಆಫೀಸು ತೆಗೆದಿರುವ ಹೊತ್ತಿನಲ್ಲೇ ವಾಪಸ್ ಕೊಡಿ. ಮುಚ್ಚಿದ ಮೇಲೆ ಬಿಟ್ಟು ಬಂದರೆ, ಅವರು ಬಂದು ನೋಡುವವರೆಗೆ ಜವಾಬ್ದಾರಿ ನಿಮ್ಮದೇ ಅಂತ ಕರಾರಿನಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ.

ಲೈಸೆನ್ಸ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಪ್ರವಾಸಕ್ಕೆ ಹೋದವರು ನಮ್ಮ ಲೈಸೆನ್ಸಿನಲ್ಲೇ ಅಲ್ಲಿ 12 ತಿಂಗಳವರೆಗೆ ಕಾರು ಓಡಿಸಬಹುದು. ಆದರೂ ಕೆಲವು ಬಾಡಿಗೆ ಕಂಪನಿಗಳು ಅಂತರರಾಷ್ಟ್ರೀಯ ಪರ್ಮಿಟ್ ಕೇಳುತ್ತವೆ. ಚಿಕ್ಕಮಗಳೂರು ಆರ್‌ಟಿಒದಲ್ಲಿ ಸಿಗುತ್ತದೆ, ಶುಲ್ಕ 1,000 ರೂಪಾಯಿ, ಒಂದು ವರ್ಷ ನಡೆಯುತ್ತದೆ. ಮಾಡಿಸಿಕೊಂಡು ಹೋಗಿ.

ಪ್ರಶ್ನೆ: ತಮ್ಮನ ಮಗ ಬೆಂಗಳೂರಿನಲ್ಲಿ ಆ್ಯಪ್ ಮೂಲಕ ಸೆಲ್ಫ್ ಡ್ರೈವ್ ಕಾರು ತಗೊಂಡು ಸಕಲೇಶಪುರದ ಹೋಂಸ್ಟೇಗೆ ಬಂದಿದ್ದ. ತೋಟದ ದಾರಿಯಲ್ಲಿ ಕೆಳಗಡೆ ಕಲ್ಲು ತಾಗಿತಂತೆ. ಹಾಗೇ ಹಾಸನದ ಕಡೆ ಓಡಿಸಿಕೊಂಡು ಬಂದ. ದಾರಿಯಲ್ಲಿ ಎಂಜಿನ್ ನಿಂತೇಹೋಯಿತು. ಬುಕ್ ಮಾಡುವಾಗ ‘ಪ್ರೊಟೆಕ್ಷನ್’ ಅಂತ 600 ರೂಪಾಯಿ ಕಟ್ಟಿದ್ದ. ಈಗ 85,000 ಕೇಳುತ್ತಿದ್ದಾರೆ. ಇದು ನ್ಯಾಯವಾ? — ಹಾಸನದ ಓದುಗರು

ಉತ್ತರ: ಆ 600 ರೂಪಾಯಿ ವಿಮೆ ಅಲ್ಲ. ವಿಮೆ ಕಾರಿನ ಮಾಲೀಕರದು. ನಿಮ್ಮ ಹುಡುಗ ಕಟ್ಟಿದ್ದು, ‘ಡ್ಯಾಮೇಜ್ ಆದರೆ ಇಷ್ಟರ ಮೇಲೆ ನಿನ್ನನ್ನು ಕೇಳುವುದಿಲ್ಲ’ ಅನ್ನುವ ಮಾತಿಗೆ. ಆ ಮಾತಿಗೆ ಬೆನ್ನಿಗೇ ಷರತ್ತುಗಳಿರುತ್ತವೆ: ಕುಡಿದಿರಬಾರದು, ಬೇರೆಯವರ ಕೈಗೆ ಕೊಟ್ಟಿರಬಾರದು, ಡ್ಯಾಮೇಜ್ ಆದ ಕೂಡಲೇ ತಿಳಿಸಬೇಕು, ಅಜಾಗರೂಕತೆ ಇರಬಾರದು. ಅವರು ಹಿಡಿದಿರುವುದು ಈ ಕೊನೆಯ ಎರಡನ್ನೇ ಇರಬೇಕು.

ಇಂಥ ಕೇಸು ನಾನು ಎಷ್ಟೋ ನೋಡಿದ್ದೇನೆ. ಕಲ್ಲು ಹೊಡೆದು ಚೇಂಬರ್, ಅಂದರೆ ಎಂಜಿನ್ ಕೆಳಗೆ ಆಯಿಲ್ ನಿಲ್ಲುವ ತೊಟ್ಟಿ, ಬಿರುಕು ಬಿಡುತ್ತದೆ. ಆಯಿಲ್ ಹನಿಹನಿಯಾಗಿ ಸೋರುತ್ತದೆ. ಎಣ್ಣೆ ಗಿಂಡಿಯ ಚಿತ್ರ ಇರುವ ಕೆಂಪು ದೀಪ ಹತ್ತುತ್ತದೆ. ಒಳಗೆ ಹಾಡು ಜೋರಾಗಿರುತ್ತದೆ, ಯಾರೂ ನೋಡುವುದಿಲ್ಲ. ಆಯಿಲ್ ಇಲ್ಲದೆ ಓಡಿ ಎಂಜಿನ್ ಸೀಜ್ ಆಗುತ್ತದೆ. ವಿಮೆಯ ಕಣ್ಣಲ್ಲಿ ಇವು ಎರಡು ಬೇರೆ ನಷ್ಟ. ಚೇಂಬರ್ ಒಡೆದದ್ದು ಅಪಘಾತ, ಅದಕ್ಕೆ ಕ್ಲೇಮ್ ಇದೆ. ಆಮೇಲೂ ಓಡಿಸಿ ಎಂಜಿನ್ ಹಾಳಾದದ್ದು ಪರಿಣಾಮದ ನಷ್ಟ, ಅದಕ್ಕೆ ಮಾಮೂಲಿ ಪಾಲಿಸಿಯಲ್ಲಿ ಕ್ಲೇಮ್ ಇಲ್ಲ. ಎಂಜಿನ್ ಪ್ರೊಟೆಕ್ಟ್ ಅನ್ನುವ ಹೆಚ್ಚುವರಿ ಕವರ್ ಇದ್ದರೆ ಮಾತ್ರ ದಾರಿ.

ಹಾಗಾಗಿ 85,000ವನ್ನು ಒಂದೇ ಮೊತ್ತವಾಗಿ ಒಪ್ಪಬೇಡಿ. ಚೇಂಬರ್, ಆಯಿಲ್‌ಗೆ ಎಷ್ಟು, ಎಂಜಿನ್‌ಗೆ ಎಷ್ಟು, ಬಿಡಿಸಿ ಬರೆದುಕೊಡಿ ಅನ್ನಿ. ಎಸ್ಟಿಮೇಟ್ ಸಾಲದು, ಗ್ಯಾರೇಜಿನ ಬಿಲ್ಲು ಬೇಕು. ಮಾಲೀಕರ ಪಾಲಿಸಿಯ ಪ್ರತಿ ಕೇಳಿ, ಅದರಲ್ಲಿ ಕ್ಲೇಮ್ ಹಾಕಿದ್ದಾರಾ ಕೇಳಿ. ಅಲ್ಲಿಂದ ಬಂದದ್ದನ್ನು ನಿಮ್ಮಿಂದಲೂ ತಗೊಳ್ಳುವ ಹಾಗಿಲ್ಲ. ಎಲ್ಲವೂ ಮೇಲ್‌ನಲ್ಲಿ ಆಗಲಿ, ಫೋನಿನಲ್ಲಿ ಬೇಡ. ಉತ್ತರ ಸರಿ ಬರದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಆಮೇಲೆ ಗ್ರಾಹಕರ ಆಯೋಗ. 2019ರ ಕಾಯ್ದೆ ಪ್ರಕಾರ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಎಂಜಿನ್ ಪಾಲು ಪೂರ್ತಿ ತಪ್ಪಿಸಿಕೊಳ್ಳುವುದು ಕಷ್ಟ, ಅದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಪ್ರಶ್ನೆ: ಅಮೆರಿಕದಲ್ಲಿ ಕಾರು ಬಾಡಿಗೆಗೆ ತಗೊಂಡರೆ ಕ್ರೆಡಿಟ್ ಕಾರ್ಡಿನಲ್ಲೇ ಇನ್ಶೂರೆನ್ಸ್ ಫ್ರೀ ಅಂತ ಸ್ನೇಹಿತರು ಹೇಳಿದರು. ಹೌದಾ? — ಅರಸೀಕೆರೆಯ ಓದುಗರು

ಉತ್ತರ: ಅದು ಹೆಚ್ಚಾಗಿ ಅಲ್ಲಿನ ಬ್ಯಾಂಕುಗಳ ಕಾರ್ಡಿನ ಮಾತು. ನಿಮ್ಮ ಕಾರ್ಡಿನಲ್ಲಿ ಇದೆಯಾ ಅಂತ ಬ್ಯಾಂಕಿನಿಂದ ಬರವಣಿಗೆಯಲ್ಲಿ ತಗೊಳ್ಳಿ. ಇದ್ದರೂ ಅದು ನೀವು ತಗೊಂಡ ಕಾರಿಗೆ ಮಾತ್ರ. ಎದುರಿನವರಿಗೆ ಪೆಟ್ಟಾದರೆ ಅದರಿಂದ ಏನೂ ಬರುವುದಿಲ್ಲ. ಅಮೆರಿಕದಲ್ಲಿ ಹೆದರಬೇಕಾದದ್ದು ಬಂಪರಿಗಲ್ಲ, ಎದುರಿನವರ ಆಸ್ಪತ್ರೆ ಬಿಲ್ಲಿಗೆ. ಬಾಡಿಗೆಯಲ್ಲಿ ಸೇರಿರುವ ಥರ್ಡ್ ಪಾರ್ಟಿ ಮೊತ್ತ ಎಷ್ಟು ಅಂತ ಮೊದಲು ಕೇಳಿ. ಕಮ್ಮಿ ಇದ್ದರೆ ದುಡ್ಡು ಅಲ್ಲಿ ಹಾಕಿ.

ಪ್ರಶ್ನೆ: ಬೇಲೂರು ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ. ಬಸ್ಸಿನಲ್ಲಿ ಬರುವ ಅತಿಥಿಗಳು ನಮ್ಮ ಸ್ವಂತ ಕಾರು ದಿನಕ್ಕೆ 2,500ಕ್ಕೆ ಕೊಡ್ತೀರಾ ಅಂತ ಕೇಳುತ್ತಾರೆ. ಫುಲ್ ಇನ್ಶೂರೆನ್ಸ್ ಇದೆ. ಕೊಡಬಹುದಾ?

ಉತ್ತರ: ಬೇಡ. ನಿಮ್ಮ ಪಾಲಿಸಿ ತೆಗೆದು ‘ಬಳಕೆಯ ಮಿತಿ’ ಅನ್ನುವ ಕಡೆ ಓದಿ. ಬಾಡಿಗೆಗೆ ಕೊಟ್ಟರೆ ಇಲ್ಲ ಅಂತ ಬರೆದಿರುತ್ತದೆ. ಕಾರಿನ ರಿಪೇರಿ ಕೈಯಿಂದ ಹೋಗುವುದು ಇರಲಿ, ಯಾರಿಗಾದರೂ ಗುದ್ದಿದರೆ ವಿಮಾ ಕಂಪನಿ ಪರಿಹಾರ ಕೊಟ್ಟು ಆಮೇಲೆ ಅಷ್ಟನ್ನೂ ಮಾಲೀಕರಿಂದ ವಸೂಲಿ ಮಾಡಲಿ ಅಂತ ಕೋರ್ಟು ಹೇಳಬಹುದು. ಸೆಲ್ಫ್ ಡ್ರೈವ್ ಬಾಡಿಗೆಗೆ ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರದ ನಂಬರ್ ಪ್ಲೇಟ್ ಬೇಕು, ಬಿಳಿ ಬೋರ್ಡು ನಡೆಯುವುದಿಲ್ಲ. ಹಳೇಬೀಡು ಇರುವುದು 16 ಕಿಲೋಮೀಟರ್ ದೂರ. ಪರಿಚಯದ ಟ್ಯಾಕ್ಸಿಯವರ ನಂಬರ್ ಕೊಟ್ಟು ಕಳಿಸಿ.