ಊರಿನ ಕೆರೆ, ಕಾಡು ಉಳಿಸಬೇಕು ಅನ್ನುವವರು ಗ್ರಾಮ ಪಂಚಾಯಿತಿ ಚುನಾವಣೆಗೆ ನಿಲ್ಲಬೇಕಾ?

ನೀವು ಕೇಳಿದ್ದು ಇಷ್ಟು. ನಗರದ ಕೆಲಸ ಬಿಟ್ಟು ಊರಿಗೆ ಬಂದಿದ್ದೀರಿ. ಕೆರೆಗೆ ಕೊಳಚೆ ಸೇರುತ್ತಿದೆ, ಗುಡ್ಡದಲ್ಲಿ ಜೆಸಿಬಿ ಓಡಾಡುತ್ತಿದೆ. ನಾಲ್ಕೈದು ಜನ ಸೇರಿ ಅರ್ಜಿ ಕೊಟ್ಟು ಕೊಟ್ಟು ಸಾಕಾಗಿದೆ. ಮುಂದಿನ ಪಂಚಾಯಿತಿ ಚುನಾವಣೆಗೆ ನೀವೇ ನಿಲ್ಲಬೇಕಾ? ಗೆದ್ದರೂ ನಿಜವಾಗಿ ಏನಾದರೂ ಮಾಡೋಕೆ ಆಗುತ್ತಾ? ಚುನಾವಣೆ ಹೇಗೆ, ಸೋತರೆ ಏನು?

ನಿಲ್ಲಿ. ಖಂಡಿತ ನಿಲ್ಲಿ. ನಾನು 2020ರ ಡಿಸೆಂಬರ್ ಚುನಾವಣೆಯಲ್ಲಿ ಮಲೆನಾಡಿನ ಒಂದು ಪಂಚಾಯಿತಿಗೆ ಆರಿಸಿ ಬಂದು ಒಂದು ಅವಧಿ ಸದಸ್ಯನಾಗಿದ್ದೆ. ಅಲ್ಲಿ ಕೂತು ನೋಡಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಒಂದೇ. ಊರಿನ ನೀರು, ಮಣ್ಣು, ಮರ ಹಾಳಾಗುವುದೂ ಉಳಿಯುವುದೂ ಬಹುಪಾಲು ಕ್ರಿಯಾಯೋಜನೆಯಲ್ಲಿ, ಅಂದರೆ ಪಂಚಾಯಿತಿ ಆ ವರ್ಷ ಮಾಡುವ ಕಾಮಗಾರಿಗಳ ಪಟ್ಟಿಯಲ್ಲಿ, ತೀರ್ಮಾನ ಆಗುತ್ತದೆ. ಭಾಷಣದಲ್ಲೂ ಅಲ್ಲ, ಜೂನ್ ಐದರ ಪರಿಸರ ದಿನದ ಸಸಿ ನೆಡುವ ಕಾರ್ಯಕ್ರಮದಲ್ಲೂ ಅಲ್ಲ. ಆ ಕಾಗದವನ್ನು ಸಾಲು ಸಾಲಾಗಿ ಓದಿ, ಪ್ರತಿ ಸಾಲಿಗೂ ಪ್ರಶ್ನೆ ಕೇಳುವ ತಾಳ್ಮೆ ನಿಮಗಿದ್ದರೆ ನೀವು ಅಲ್ಲಿ ಬೇಕೇ ಬೇಕು.

ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ವಾರ್ಡ್ ಸಭೆ ಶಾಲೆಯ ಜಗಲಿಯಲ್ಲಿ ನಡೆಯುತ್ತಿತ್ತು. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಪಟ್ಟಿ ಓದುತ್ತಾ ಹೋದರು. ಇಂಥವರ ಮನೆಯಿಂದ ಇಂಥವರ ಮನೆವರೆಗೆ ಸಿಸಿ ಚರಂಡಿ. ಅಲ್ಲಿಂದ ಮುಖ್ಯರಸ್ತೆವರೆಗೆ ಕಾಂಕ್ರೀಟ್ ರಸ್ತೆ. ಒಂದು ಮೋರಿ. ಮತ್ತೊಂದು ಚರಂಡಿ. ಬೋರ್‌ವೆಲ್ ಮೋಟರ್ ರಿಪೇರಿ. ಯಾರೂ ಮಾತಾಡಲಿಲ್ಲ. ಚರಂಡಿ ಬೇಡ ಅನ್ನುವವರು ಯಾರಿದ್ದಾರೆ? ಮಳೆಗಾಲದಲ್ಲಿ ಅಂಗಳದೊಳಗೆ ನೀರು ನುಗ್ಗುವವರಿಗೆ ಅದು ಬೇಕೇ. ಆಗ ಹಿಂದೆ ಕೂತಿದ್ದ ಒಬ್ಬ ಅಜ್ಜಿ ಕೇಳಿದರು, "ಆ ಕೊನೇ ಮನೆ ದಾಟಿದ ಮೇಲೆ ನೀರು ಎಲ್ಲಿಗೆ ಹೋಗ್ತದೆ ಮಾರಾಯ್ರೆ?" ಪಟ್ಟಿಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಕೊನೇ ಮನೆಯ ಆಚೆ ಇರುವುದು ಕೆರೆ. ಅಂದರೆ ಅಷ್ಟೂ ಮನೆಗಳ ಬಚ್ಚಲು ನೀರು, ಕೊಟ್ಟಿಗೆ ನೀರು ಸರ್ಕಾರದ ದುಡ್ಡಿನಲ್ಲೇ ಸೀದಾ ಕೆರೆಗೆ ಇಳಿಯುತ್ತಿತ್ತು.

ಅವತ್ತು ಅರ್ಧ ಗಂಟೆ ಚರ್ಚೆ ಆಯಿತು. ಕೊನೆಗೆ ಚರಂಡಿ ಮಳೆನೀರಿಗೆ ಮಾತ್ರ ಅಂತ ಆಯಿತು. ಬಚ್ಚಲು ನೀರಿಗೆ ಉದ್ಯೋಗ ಖಾತರಿಯಲ್ಲಿ ಮನೆಮನೆಗೆ ಬಚ್ಚಲು ಗುಂಡಿ. ಒಂದು ಗುಂಡಿ ತೋಡಿ, ಸಿಮೆಂಟ್ ರಿಂಗ್ ಇಳಿಸಿ, ಸುತ್ತ ಜಲ್ಲಿ ತುಂಬಿ ಮೇಲೆ ಮುಚ್ಚಳ ಹಾಕಿದರೆ ಮುಗಿಯಿತು. ಅದಕ್ಕೆ ಯಾರೂ ಟೇಪು ಕತ್ತರಿಸುವುದಿಲ್ಲ, ಫೋಟೋಗೂ ಚೆನ್ನಾಗಿ ಬರುವುದಿಲ್ಲ. ಆದರೆ ಕೆರೆ ಉಳಿಸುವ ಕೆಲಸ ಅಂದರೆ ಬಹಳ ಸಲ ಇಂಥದ್ದೇ. ಆ ಬದಲಾವಣೆ ನಡಾವಳಿ ಪುಸ್ತಕಕ್ಕೆ ಏರುವಂತೆ ನೋಡಿಕೊಳ್ಳುವುದು ಸದಸ್ಯರ ಕೈಯಲ್ಲಿದೆ. ಬಾಯಲ್ಲಿ ಒಪ್ಪಿ ಪುಸ್ತಕದಲ್ಲಿ ಬರೆಯದೆ ಬಿಟ್ಟರೆ ಸಭೆ ನಡೆದದ್ದೇ ಸುಮ್ನೆ.

ಈಗ ಅಧಿಕಾರದ ಮಾತು. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ಅದರ ಜೊತೆ ಬಂದ ಹನ್ನೊಂದನೇ ಅನುಸೂಚಿಯಲ್ಲಿ 29 ವಿಷಯಗಳಿವೆ. ಕುಡಿಯುವ ನೀರು, ಜಲಾನಯನ, ಸಾಮಾಜಿಕ ಅರಣ್ಯ, ಕಿರು ಅರಣ್ಯ ಉತ್ಪನ್ನ, ಮೇವು, ನೈರ್ಮಲ್ಯ ಎಲ್ಲ ಅದರಲ್ಲಿ ಸೇರಿವೆ. ಹಣವೂ ಷರತ್ತಿಲ್ಲದೆ ಬರುವುದಿಲ್ಲ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು, ಮಳೆನೀರು ಕೊಯ್ಲು, ನೈರ್ಮಲ್ಯಕ್ಕೇ ಖರ್ಚು ಮಾಡಬೇಕು ಅಂತ ನಿಯಮ ಇತ್ತು. ಕೇಳುವವರು ಇಲ್ಲದಿದ್ದರೆ ಆ ಹಣವೂ ಪೈಪು, ಮೋಟರಿಗೇ ಹೋಗುತ್ತದೆ. ಜಲಜೀವನ ಮಿಷನ್‌ನಲ್ಲಿ ತಲೆಗೆ ದಿನಕ್ಕೆ 55 ಲೀಟರ್ ಲೆಕ್ಕದಲ್ಲಿ ಮನೆಮನೆಗೆ ನಲ್ಲಿ ಹಾಕಿದರು. ಒಳ್ಳೆಯದೇ. ಆದರೆ ಆ ನಲ್ಲಿಗೆ ನೀರು ಕೊಡುವ ಬೋರ್‌ವೆಲ್ ಮಾರ್ಚ್‌ನಲ್ಲಿ ಬತ್ತಿದರೆ? ಅದರ ಮೇಲ್ಭಾಗದ ಗುಡ್ಡದಲ್ಲಿ ಇಂಗುಗುಂಡಿ ಇದೆಯಾ, ಹಳ್ಳಕ್ಕೆ ಕಟ್ಟ ಹಾಕಿದ್ದಾರಾ ಅಂತ ಕೇಳಲು ಒಬ್ಬ ಸದಸ್ಯ ಇರಲೇಬೇಕು.

ಹಾಗೆಯೇ ಯಾವುದು ಪಂಚಾಯಿತಿ ಕೈಯಲ್ಲಿ ಇಲ್ಲ ಅನ್ನುವುದನ್ನೂ ಮತ ಕೇಳುವಾಗಲೇ ಹೇಳಿಬಿಡಿ. ಕಾಡು ಅರಣ್ಯ ಇಲಾಖೆಯದ್ದು. ಗೋಮಾಳ ಕಂದಾಯ ಇಲಾಖೆಯದ್ದು. ಅಚ್ಚುಕಟ್ಟು (ಕೆರೆ ನೀರುಣಿಸುವ ಜಮೀನು) 40 ಹೆಕ್ಟೇರ್ ದಾಟಿದ ಕೆರೆ ಸಣ್ಣ ನೀರಾವರಿ ಇಲಾಖೆಗೆ ಹೋಗುತ್ತದೆ. ಕಲ್ಲು ಗಣಿಗೆ ಗುತ್ತಿಗೆ ಕೊಡುವುದು ಗಣಿ ಮತ್ತು ಭೂವಿಜ್ಞಾನ ಇಲಾಖೆ. "ನನ್ನನ್ನು ಗೆಲ್ಲಿಸಿ, ಕ್ವಾರಿ ಮುಚ್ಚಿಸ್ತೀನಿ" ಅಂತ ಮಾತು ಕೊಟ್ಟರೆ ಮೊದಲ ವರ್ಷವೇ ಜನರಿಗೆ ಮುಖ ತೋರಿಸೋದು ಕಷ್ಟ ಆಗುತ್ತದೆ. ನಿಮ್ಮ ಕೈಯಲ್ಲಿರುವುದು ಠರಾವು, ಅಂದರೆ ಸಭೆ ಬಹುಮತದಿಂದ ಬರೆದಿಡುವ ನಿರ್ಣಯ.

ಠರಾವಿಗೆ ಬೆಲೆ ಇಲ್ಲ ಅಂತ ಹೇಳುವವರು ಸಿಗುತ್ತಾರೆ. ಅವರಿಗೆ ಕೇರಳದ ಪೆರುಮಾಟ್ಟಿ ಪಂಚಾಯಿತಿ ಕಥೆ ಹೇಳಿ. ಪಾಲಕ್ಕಾಡ್ ಜಿಲ್ಲೆಯ ಪ್ಲಾಚಿಮಡದಲ್ಲಿ ಕೋಕಾ-ಕೋಲಾ ಘಟಕಕ್ಕೆ 2000ದಲ್ಲಿ ಪರವಾನಗಿ ಕೊಟ್ಟದ್ದು ಇದೇ ಪಂಚಾಯಿತಿ. ಸುತ್ತಲಿನ ಬಾವಿಗಳ ನೀರು ಕೆಟ್ಟಿತು, ಇಳಿಯಿತು. ಅಲ್ಲಿನ ಆದಿವಾಸಿ ಹೆಣ್ಣುಮಕ್ಕಳು ಘಟಕದ ಎದುರು ಧರಣಿ ಕೂತರು. 2003ರಲ್ಲಿ ಪಂಚಾಯಿತಿ ಪರವಾನಗಿ ನವೀಕರಿಸಲು ಒಪ್ಪಲಿಲ್ಲ. ಹೈಕೋರ್ಟ್‌ನ ಏಕಸದಸ್ಯ ಪೀಠ ಪಂಚಾಯಿತಿಯ ಕಾಳಜಿಯನ್ನು ಎತ್ತಿಹಿಡಿಯಿತು. 2005ರಲ್ಲಿ ವಿಭಾಗೀಯ ಪೀಠ ಕಂಪನಿಯ ಕಡೆ ತೀರ್ಪು ಕೊಟ್ಟಿತು. ಆದರೆ ಅಷ್ಟರಲ್ಲಿ, 2004ರ ಮಾರ್ಚ್‌ನಲ್ಲೇ ಘಟಕ ನಿಂತಿತ್ತು. ಮತ್ತೆ ಶುರು ಆಗಲೇ ಇಲ್ಲ. ಹೊರಗೆ ಧರಣಿ, ಒಳಗೆ ಠರಾವು, ಎರಡೂ ಒಟ್ಟಿಗೆ ಇದ್ದದ್ದರಿಂದ ಇದು ಆಯಿತು ಅಂತ ನನ್ನ ನಂಬಿಕೆ.

ಚುನಾವಣೆ ಹೇಗೆ ಅಂತ ಕೇಳಿದ್ದೀರಿ. 21 ವರ್ಷ ಆಗಿರಬೇಕು, ಆ ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ನಿಮ್ಮ ಮತ ಇನ್ನೂ ನಗರದಲ್ಲೇ ಇದ್ದರೆ ಮೊದಲು ಅದನ್ನು ಊರಿಗೆ ತನ್ನಿ. ಠೇವಣಿ ಕೆಲವೇ ನೂರು ರೂಪಾಯಿ. ಪಕ್ಷದ ಚಿಹ್ನೆ ಇಲ್ಲ. ಯಾರು ಯಾವ ಪಕ್ಷದ ಕಡೆ ಅಂತ ಊರಿಗೆಲ್ಲ ಗೊತ್ತೇ ಇರುತ್ತೆ, ಆದರೂ ಚಿಹ್ನೆ ಇಲ್ಲದಿರುವುದು ನಿಮ್ಮಂಥವರಿಗೆ ದೊಡ್ಡ ಅನುಕೂಲ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ ಅನ್ನುವ ಲೆಕ್ಕ ಇರುವುದರಿಂದ ಕೆಲವು ನೂರು ಮತಗಳಲ್ಲೇ ಎಲ್ಲ ತೀರ್ಮಾನ ಆಗುತ್ತದೆ. ಒಂದೊಂದು ಮನೆಗೂ ಹೋಗಿ ಕೂತು ಮಾತಾಡಬಹುದು.

ಇದರಲ್ಲಿ ಹೊರಗಿನವರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ನಮ್ಮ ರಾಜ್ಯದಲ್ಲಿ ಬಹಳಷ್ಟು ವಾರ್ಡ್‌ಗಳಲ್ಲಿ ಎರಡು, ಮೂರು ಸ್ಥಾನ ಇರುತ್ತವೆ. ಒಂದು ಮಹಿಳೆಗೆ, ಒಂದು ಪರಿಶಿಷ್ಟ ಜಾತಿಗೆ, ಒಂದು ಸಾಮಾನ್ಯ, ಹೀಗೆ. ಎಷ್ಟು ಸ್ಥಾನವೋ ಮತದಾರರಿಗೆ ಅಷ್ಟು ಮತ. ಹಾಗಾಗಿ ಬೇರೆ ಬೇರೆ ಕೇರಿಯ ಮೂವರು ಒಂದು ತಂಡವಾಗಿ ನಿಂತು ಒಟ್ಟಿಗೆ ಮತ ಕೇಳಬಹುದು. ದಯವಿಟ್ಟು ಇದನ್ನೇ ಮಾಡಿ. ಒಬ್ಬರೇ ಗೆದ್ದು ಹೋದರೆ ನಿಮ್ಮ ಭಿನ್ನಾಭಿಪ್ರಾಯವನ್ನು ಪುಸ್ತಕದಲ್ಲಿ ಬರೆಸಬಹುದು, ಅಷ್ಟೇ. ಠರಾವು ಆಗಬೇಕಾದರೆ ಬಹುಮತ ಬೇಕು.

ತಂಡದಲ್ಲಿ ಯಾರಿರಬೇಕು ಅನ್ನುವುದರ ಬಗ್ಗೆ ನನಗೆ ಸ್ಪಷ್ಟ ಅಭಿಪ್ರಾಯ ಇದೆ. ಪರಿಸರದ ಬಗ್ಗೆ ಚೆನ್ನಾಗಿ ಮಾತಾಡುವ ಗಂಡಸರಿಗಿಂತ, ಬೇಸಿಗೆಯಲ್ಲಿ ಕೊಡ ಹೊತ್ತು ನಡೆಯುವ ಹೆಂಗಸರು ಒಳ್ಳೆಯ ಅಭ್ಯರ್ಥಿಗಳು. ಅರ್ಧದಷ್ಟು ಸ್ಥಾನ ಹೇಗೂ ಮಹಿಳೆಯರದ್ದು. ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದಲ್ಲಿ ಲೆಕ್ಕ ಬರೆದು ಪಳಗಿದವರು, ಕಸದ ಗಾಡಿ ಓಡಿಸುವವರು, ಆಶಾ ಕಾರ್ಯಕರ್ತೆ ಜೊತೆ ಮನೆಮನೆ ತಿರುಗಿದವರು ಪ್ರತಿ ಊರಲ್ಲೂ ಇದ್ದಾರೆ. ಯಾವ ಬಾವಿ ಯಾವ ತಿಂಗಳು ಬತ್ತುತ್ತದೆ ಅಂತ ಅವರಿಗೆ ಬಾಯಿಪಾಠ. ಆದರೆ ಗೆದ್ದ ಮೇಲೆ ಕುರ್ಚಿಯಲ್ಲಿ ಅವರೇ ಕೂರಬೇಕು, ಗಂಡ ಬಂದು ಕೂರುವ ಹಾಗಿಲ್ಲ. ಇದನ್ನು ಮನೆಯವರ ಎದುರೇ, ಮೊದಲೇ ಮಾತಾಡಿ ತೀರ್ಮಾನ ಮಾಡಿಕೊಳ್ಳಿ.

ಮಲೆನಾಡಿನ ಕಡೆಯವರಾಗಿದ್ದರೆ ನಿಮ್ಮ ಮೇಲೆ ಬರುವ ಮೊದಲ ಅನುಮಾನ ಯಾವುದು ಗೊತ್ತಾ? "ಇವರು ಕಾಡಿನವರ ಕಡೆ. ನಮ್ಮ ಸಾಗುವಳಿ ಬಿಡಿಸ್ತಾರೆ." ಈ ಭಯವನ್ನು ಹಗುರವಾಗಿ ತಗೋಬೇಡಿ. ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶ ಅಂತ ನಮ್ಮ ರಾಜ್ಯದ 20,668 ಚದರ ಕಿ.ಮೀ. ಗುರುತು ಮಾಡಿದ ಕೇಂದ್ರ ಸರ್ಕಾರದ ಕರಡು ಅಧಿಸೂಚನೆ ಬಂದಾಗಿನಿಂದ ಇಲ್ಲಿನ ಸಣ್ಣ ಹಿಡುವಳಿದಾರರು ನೆಮ್ಮದಿಯಿಂದ ಮಲಗಿಲ್ಲ. ಮನೆ ಹೋಗುತ್ತಾ, ತೋಟ ಹೋಗುತ್ತಾ ಅಂತ ಸ್ಪಷ್ಟವಾಗಿ ಹೇಳುವವರು ಅವರ ಬಳಿ ಬರಲೇ ಇಲ್ಲ. 2024ರಲ್ಲಿ ರಾಜ್ಯ ಸಚಿವ ಸಂಪುಟ ಆ ಕರಡನ್ನು ತಿರಸ್ಕರಿಸಿತು, ಭಯ ಮಾತ್ರ ಹಾಗೇ ಉಳಿಯಿತು. ನಾವು ಮನೆಮನೆಗೆ ಹೋದಾಗ ಅರಣ್ಯ ಹಕ್ಕು ಕಾಯ್ದೆಯ ಅರ್ಜಿ ನಮೂನೆ ಹಿಡಿದುಕೊಂಡು ಹೋದೆವು. 2006ರ ಆ ಕಾಯ್ದೆಯಲ್ಲಿ ಹಕ್ಕಿನ ಪರಿಶೀಲನೆ ಶುರು ಆಗುವುದೇ ಗ್ರಾಮಸಭೆಯಿಂದ. ಕಾಡನ್ನು ಸಮುದಾಯವಾಗಿ ಕಾಯುವ ಹಕ್ಕೂ ಅದರಲ್ಲೇ ಇದೆ. ಬಡವರ ಒಂದೆಕರೆ ಬಗ್ಗೆ ಮಾತಾಡದೆ ಗುಡ್ಡದ ಬಗ್ಗೆ ಮಾತ್ರ ಮಾತಾಡುವವರಿಗೆ ಜನ ಯಾಕೆ ಮತ ಹಾಕಬೇಕು, ಹೇಳಿ?

ಮಂಗ, ಕಾಡುಹಂದಿ ಕಾಟದ ಬಗ್ಗೆಯೂ ಕೇಳುತ್ತಾರೆ. ಇದಕ್ಕೆ ಪಂಚಾಯಿತಿ ಬಳಿ ಪೂರ್ತಿ ಪರಿಹಾರ ಇಲ್ಲ. ಬೆಳೆ ಪರಿಹಾರದ ಅರ್ಜಿ ಬರೆದುಕೊಡಿ, ಇಲಾಖೆಗೆ ಜೊತೆಯಲ್ಲಿ ಹೋಗಿ.

ದುಡ್ಡು, ಹೆಂಡದ ವಿಷಯ ನಿಮಗೆ ಗೊತ್ತೇ ಇದೆ. ಕೆಲವು ಕಡೆ ಸ್ಥಾನವನ್ನೇ ಹರಾಜು ಹಾಕಿ "ಅವಿರೋಧ ಆಯ್ಕೆ" ಮಾಡಿಬಿಡುತ್ತಾರೆ, ದೇವಸ್ಥಾನಕ್ಕೆ ದುಡ್ಡು ಬಂತಲ್ಲ ಅಂತ ಊರೂ ಸುಮ್ಮನಿರುತ್ತದೆ. ಇದು ಅಕ್ರಮ. ಒಪ್ಪಬೇಡಿ. ಒತ್ತಡ ಗೆದ್ದ ಮೇಲೂ ಬರುತ್ತದೆ. ನಮ್ಮಲ್ಲಿ ಒಂದು ಜಲ್ಲಿ ಕ್ರಷರ್‌ಗೆ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಕೊಡುವ ವಿಷಯ ಬಂದಾಗ ರಾತ್ರಿ ಫೋನ್ ಮಾಡಿದವರಿದ್ದರು, ಮನೆಯವರ ಕೈಲಿ ಹೇಳಿಸಿದವರಿದ್ದರು. ಆಗ ಒಂದು ದಾರಿ ಕೆಲಸಕ್ಕೆ ಬಂತು. ವಿಷಯವನ್ನು ಗ್ರಾಮಸಭೆಗೆ ಒಯ್ದೆವು. ಕೆಳಗಿನ ಕೇರಿಯ ಹೆಂಗಸರು ಬಟ್ಟೆಯ ಮೇಲೆ ಕೂರುವ ಧೂಳಿನ ಬಗ್ಗೆ, ಮನೆ ಗೋಡೆಯ ಬಿರುಕಿನ ಬಗ್ಗೆ ಎಲ್ಲರ ಎದುರು ಹೇಳಿದರು. ಆಮೇಲೆ ಒಬ್ಬೊಬ್ಬ ಸದಸ್ಯನನ್ನು ಬೇರೆ ಬೇರೆಯಾಗಿ ಹಿಡಿದು ಒಪ್ಪಿಸುವುದು ಕ್ರಷರ್ ಕಡೆಯವರಿಗೆ ಕಷ್ಟ ಆಯಿತು.

ನೋಡಿ ಬರಲು ಜಾಗ ಬೇಕಾದರೆ ಉಡುಪಿ ಜಿಲ್ಲೆಗೆ ಹೋಗಿ. ಕುಂದಾಪುರ ಕಡೆಯ ವಂಡ್ಸೆ ಪಂಚಾಯಿತಿ ಮನೆಮನೆಯ ಕಸ ಬೇರೆ ಬೇರೆ ಮಾಡಿ ತಂದು, ವಿಂಗಡಿಸಿ, ಮಾರಿ ಹೆಸರು ಮಾಡಿತು. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣ ಕಸ ವಿಂಗಡಿಸುವ ಘಟಕ ಇದೆ, ಸುತ್ತಲಿನ ಹತ್ತಾರು ಪಂಚಾಯಿತಿಗಳಿಗೆ ಅದೇ ಆಸರೆ. ನೀರಿನ ವಿಷಯಕ್ಕೆ ಮಹಾರಾಷ್ಟ್ರದ ಹಿವರೆ ಬಜಾರ್ ಅನ್ನುವ ಹಳ್ಳಿ. ಪೋಪಟರಾವ್ ಪವಾರ್ ಅಲ್ಲಿ ಸರಪಂಚರಾಗಿ (ಪಂಚಾಯಿತಿ ಮುಖ್ಯಸ್ಥರಾಗಿ) ಆರಿಸಿ ಬಂದದ್ದು 1990ರ ಹೊತ್ತಿಗೆ. ಅಲ್ಲಿ ಪ್ರತಿ ವರ್ಷ ಮಳೆ ಎಷ್ಟು ಬಂತು, ಬಾವಿಯಲ್ಲಿ ಎಷ್ಟಿದೆ ಅಂತ ಅಳೆದು, ಗ್ರಾಮಸಭೆಯಲ್ಲಿ ನೀರಿನ ಬಜೆಟ್ ಮಂಡಿಸಿ, ಯಾವ ಬೆಳೆ ಇಡಬೇಕು ಅಂತ ನಿರ್ಧರಿಸುತ್ತಾರೆ. ಕೃಷಿಗೆ ಕೊಳವೆಬಾವಿ ಕೊರೆಯುವಂತಿಲ್ಲ ಅಂತ ಊರೇ ಕಟ್ಟು ಮಾಡಿಕೊಂಡಿದೆ. ನಮ್ಮ ಬಯಲುಸೀಮೆಯ ಎಷ್ಟೋ ಪಂಚಾಯಿತಿಗಳು ಇದನ್ನು ನಾಳೆಯೇ ಶುರು ಮಾಡಬಹುದು. ಒಂದು ಮಳೆಮಾಪಕ, ಒಂದು ಹಗ್ಗ, ಒಂದು ನೋಟ್‌ಬುಕ್ ಇದ್ದರೆ ಆಯಿತು.

ಸೋತರೆ ಏನು ಅಂತಲೂ ಕೇಳಿದ್ದೀರಿ. ಜೀವವೈವಿಧ್ಯ ಕಾಯ್ದೆ 2002ರ 41ನೇ ಕಲಂ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಬಳ್ಳಿ, ಮೀನು, ದನದ ತಳಿ, ನಾಟಿ ಔಷಧಿಯನ್ನೆಲ್ಲ ಜನರೇ ಹೇಳಿ ಬರೆಸುವ ದಾಖಲಾತಿ ಪುಸ್ತಕವೂ ಇರಬೇಕು. ಬಹಳ ಕಡೆ ಈ ಸಮಿತಿ ಕಾಗದದಲ್ಲಿ ಮಾತ್ರ ಇದೆ. ಚುನಾವಣೆಯಲ್ಲಿ ಸೋತವರೂ ಅದರಲ್ಲಿ ಕೆಲಸ ಮಾಡಬಹುದು. ನಮ್ಮ ಜೊತೆ ನಿಂತು ಸೋತ ಅಕ್ಕ ಒಬ್ಬರು ಈಗ ಅದೇ ಸಮಿತಿಯಲ್ಲಿದ್ದಾರೆ. ಕೆರೆ ಏರಿಯ ಮೇಲಿನ ಹಳೇ ಮಾವಿನ ಮರಗಳ ಪಟ್ಟಿ ಮಾಡಿ, ಯಾವುದರ ಮಿಡಿ ಉಪ್ಪಿನಕಾಯಿಗೆ ಎಷ್ಟು ವರ್ಷ ತಾಳುತ್ತದೆ ಅಂತ ಸಮೇತ ಬರೆಸಿದ್ದಾರೆ. ರಸ್ತೆ ಅಗಲ ಮಾಡುವ ಮಾತು ಬಂದಾಗ ಸಭೆಯಲ್ಲಿ ಆ ಪಟ್ಟಿಯನ್ನೇ ಮೇಜಿನ ಮೇಲೆ ಇಟ್ಟೆವು.

ಚುನಾವಣೆ ಘೋಷಣೆ ಆಗುವವರೆಗೆ ಕಾಯಬೇಡಿ. ಮುಂದಿನ ವಾರ್ಡ್ ಸಭೆ, ಗ್ರಾಮಸಭೆ ಯಾವಾಗ ಅಂತ ಈ ವಾರವೇ ಪಂಚಾಯಿತಿಗೆ ಹೋಗಿ ಕೇಳಿ. ಆರು ತಿಂಗಳಿಗೊಮ್ಮೆಯಾದರೂ ನಡೆಸಬೇಕು ಅಂತ ಕಾನೂನಿದೆ. ಹಾಗೇ ಹೋದ ವರ್ಷದ ಕ್ರಿಯಾಯೋಜನೆಯ ಒಂದು ಪ್ರತಿ ಕೇಳಿ ತನ್ನಿ. ನಿಮ್ಮ ವಾರ್ಡಿನ ಸಾಲುಗಳಿಗೆ ಗುರುತು ಹಾಕಿ, ಜೊತೆಗೆ ನಿಲ್ಲುವವರನ್ನು ಕರೆದುಕೊಂಡು ಆ ಚರಂಡಿ, ಮೋರಿ, ಬೋರ್‌ವೆಲ್ ಎಲ್ಲಿದೆ ಅಂತ ನಡೆದು ನೋಡಿ. ಓದುವಾಗ ಏನಾದರೂ ಅರ್ಥ ಆಗದಿದ್ದರೆ ಇಲ್ಲೇ ಕೇಳಿ, ಗೊತ್ತಿರುವುದನ್ನು ಹೇಳುತ್ತೇನೆ.